ತೂತು ಬಿದ್ದ ಎಲೆ ತೋರಿಸುವ ತೋಟ

ಮೊದಲ ವರ್ಷ ನಮ್ಮ ತೋಟ ನೋಡಲು ಜನರನ್ನು ಕರೆದಾಗ, ಹಿಂದಿನ ಎರಡು ದಿನ ನನ್ನ ಕೈಯಲ್ಲಿ ಕತ್ತಿ ಮತ್ತು ಪೊರಕೆ ಬಿಟ್ಟು ಬೇರೇನೂ ಇರಲಿಲ್ಲ. ಸಾಗರ ಪಟ್ಟಣದ ಅಂಚಿನಲ್ಲಿರುವ ನಮ್ಮ ಮನೆಯ ಸುತ್ತ ಹನ್ನೆರಡು ಗುಂಟೆ ಜಾಗವಿದೆ. ಮುಂದೆ ಅಂಗಳ, ಪಕ್ಕದಲ್ಲಿ ಬಾವಿ, ಹಿಂದೆ ಅತ್ತೆಯವರ ಕಾಲದ ಹಿತ್ತಲು. ಮಾವಿನ ಮರದ ಬುಡದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತರಗೆಲೆ ಗುಡಿಸಿ ಸುಟ್ಟೆ. ಒಣಗಿ ನಿಂತಿದ್ದ ಡೇರೆ ಕಡ್ಡಿಗಳನ್ನು ಬುಡಕ್ಕೇ ಕತ್ತರಿಸಿದೆ. ಲಿಂಬೆ ಗಿಡದಲ್ಲಿ ಹುಳ ತಿಂದು ಅರ್ಧವಾಗಿದ್ದ ಎಲೆಗಳನ್ನೆಲ್ಲ ಚಿವುಟಿ ಎಸೆದೆ. ದಾರಿಗೆ ಅಡ್ಡವಾಗಿ ಬಾಗಿದ್ದ ಸೀತಾಫಲದ ಕೊಂಬೆಯನ್ನು ಹಗ್ಗ ಹಾಕಿ ಹಿಂದಕ್ಕೆ ಎಳೆದು ಕಟ್ಟಿದೆ. ಆ ಕೊಂಬೆಯಲ್ಲಿ ಎರಡು ಎಲೆ ಸೇರಿಸಿ ಹೊಲಿದ ಟುವ್ವಿ ಹಕ್ಕಿಯ ಗೂಡಿತ್ತು ಎಂಬುದು ಮಾರನೇ ದಿನ, ತಾಯಿ ಹಕ್ಕಿ ಹಳೆಯ ಜಾಗದಲ್ಲಿ ಕೂಗುತ್ತ ಸುತ್ತುವಾಗ ಗೊತ್ತಾಯಿತು. ಸಂಜೆಯೊಳಗೆ ಅದು ಬರುವುದನ್ನೇ ಬಿಟ್ಟಿತು.

ಬಂದವರು ಹೊಗಳಿದರು. "ಎಷ್ಟು ಚೊಲೋ ಇಟ್ಕಂಡಿದೀರಿ, ಒಂದು ಕಸ ಇಲ್ಲ" ಎಂದರು. ಜೊತೆಗೆ ಬಂದಿದ್ದ ಮಕ್ಕಳು ಮಾತ್ರ ಹತ್ತು ನಿಮಿಷದಲ್ಲಿ ತೋಟ ಸುತ್ತಿ ಮುಗಿಸಿ, ಜಗಲಿಗೆ ಬಂದು ಅಪ್ಪ ಅಮ್ಮಂದಿರ ಮೊಬೈಲ್ ಕೇಳತೊಡಗಿದರು. ತಪ್ಪು ಅವರದ್ದಲ್ಲ. ನೋಡುವಂಥದ್ದನ್ನೆಲ್ಲ ಮೊದಲೇ ನಾನು ಗುಡಿಸಿ ಹಾಕಿದ್ದೆ.

ಅಲ್ಲಿಂದ ಈಚೆಗೆ ಏಳು ವರ್ಷ, ಪ್ರತಿ ವರ್ಷ ದಸರಾ ಕಳೆದ ಮೇಲಿನ ಒಂದು ಭಾನುವಾರ, ಗೇಟು ತೆರೆದಿಟ್ಟಿದ್ದೇವೆ. ಮನೆಮಂದಿಗೆಲ್ಲ ಹಿಡಿಸುವ, ಹಕ್ಕಿ ಹುಳಗಳಿಗೂ ಜಾಗವಿರುವ ತೋಟವನ್ನು ಹತ್ತು ಜನರಿಗೆ ತೋರಿಸುವುದು ಹೇಗೆ ಎಂದು ಆ ಏಳು ಭಾನುವಾರಗಳಲ್ಲಿ ಕಲಿತಿದ್ದನ್ನು ಇಲ್ಲಿ ಹೇಳಬೇಕು. ಯಾಕೆಂದರೆ ತೋಟ ತೆರೆಯಬೇಕೆಂದು ಆಸೆಪಡುವ ಎಲ್ಲರೂ ಮೊದಲು ಮಾಡುವುದು ನಾನು ಮಾಡಿದ್ದನ್ನೇ.

ಮನೆಯ ತೋಟವನ್ನು ಹೊರಗಿನವರಿಗೆ ತೆರೆಯುವ ಪದ್ಧತಿ ಒಂದು ದೊಡ್ಡ ಚಳವಳಿಯಂತೆ ಬೆಳೆದದ್ದು ಇಂಗ್ಲೆಂಡಿನಲ್ಲಿ. ಅದು ಶುರುವಾದದ್ದು 1927ರಲ್ಲಿ, ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುತ್ತಿದ್ದ ನರ್ಸುಗಳಿಗೆ ಹಣ ಕೂಡಿಸುವ ಸಲುವಾಗಿ. ಆ ನರ್ಸುಗಳ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬ ಮಹಿಳೆ, ದೇಶದಲ್ಲಿ ಇಷ್ಟೊಂದು ಚೆಂದದ ತೋಟಗಳಿದ್ದೂ ಮನೆಯವರ ಸ್ನೇಹಿತರಷ್ಟೇ ಅವನ್ನು ನೋಡುತ್ತಿದ್ದಾರಲ್ಲ, ತಲೆಗೊಂದು ಶಿಲ್ಲಿಂಗ್ ತೆಗೆದುಕೊಂಡು ಎಲ್ಲರನ್ನೂ ಬಿಟ್ಟರೆ ಹೇಗೆ ಎಂದು ಕೇಳಿದರು. ಆ ವರ್ಷ 609 ತೋಟಗಳು ತೆರೆದುಕೊಂಡವು, ಎಂಟು ಸಾವಿರ ಪೌಂಡಿಗೂ ಮಿಕ್ಕಿ ಹಣ ಸೇರಿತು. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಹಳದಿ ಹೊದಿಕೆಯ ಕೈಪಿಡಿಯಲ್ಲಿ ಯಾವ ತೋಟ ಯಾವ ದಿನ ತೆರೆದಿರುತ್ತದೆ ಎಂದು ನೋಡಿಕೊಂಡು, ಚಹಾ ಕುಡಿದು, ಕೇಕು ತಿಂದು, ಗಿಡ ಕೊಂಡು ಬರುವುದು ಅಲ್ಲಿಯವರ ಬೇಸಿಗೆಯ ಸಂತೋಷ.

ನಮ್ಮ ಕಡೆ ಇದಕ್ಕೆ ಟಿಕೆಟ್ಟಿರಲಿಲ್ಲ, ಕೈಪಿಡಿಯಿರಲಿಲ್ಲ, ಹಿತ್ತಲ ಬಾಗಿಲಿತ್ತು. ಮಲೆನಾಡಿನ ಹೆಂಗಸರು ನೆಂಟರ ಮನೆಗೆ ಹೋದರೆ ಕಾಫಿ ಕುಡಿದ ಲೋಟ ಕೆಳಗಿಡುವ ಮೊದಲೇ "ಬನ್ನಿ, ಹಿತ್ತಲು ನೋಡಣ" ಎಂದು ಎದ್ದುಬಿಡುತ್ತಾರೆ. ಬರುವಾಗ ಸೆರಗಿನಲ್ಲಿ ನಾಲ್ಕು ಬೀಜ, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಕಡ್ಡಿ. ಈ ಕೊಡುಕೊಳ್ಳುವಿಕೆಗೆ ಸಂಘಟನೆಯ ರೂಪ ಕೊಟ್ಟದ್ದು 2001ರಲ್ಲಿ ಶಿರಸಿಯಲ್ಲಿ ಹುಟ್ಟಿದ ವನಸ್ತ್ರೀ. ಸುನೀತಾ ರಾವ್ ಅವರ ಜೊತೆ ಮಲೆನಾಡಿನ ಹೆಣ್ಣುಮಕ್ಕಳು ಕಟ್ಟಿದ ಈ ಬಳಗ ನಡೆಸುವ ಮೇಳಗಳಲ್ಲಿ ಹಿತ್ತಲಿನ ಗೆಡ್ಡೆ, ಬಳ್ಳಿ, ಸೊಪ್ಪು, ಬೀಜಗಳೇ ಮುಖ್ಯ ಅತಿಥಿಗಳು. ಹಾಗಾಗಿ ತೋಟ ತೆರೆಯುವುದು ನಮಗೆ ಪರದೇಶದಿಂದ ಬಂದ ಹೊಸ ಪಾಠವೇನಲ್ಲ. ಹೊಸದಾಗಿ ಬಂದಿರುವುದು ತೋಟವೆಂದರೆ ಚೊಕ್ಕಟ ಹುಲ್ಲುಹಾಸು, ಸಾಲುಕುಂಡ, ಒಂದೂ ತೂತಿಲ್ಲದ ಎಲೆ ಎಂಬ ಕಲ್ಪನೆ. ಹಳೆಯ ಹಿತ್ತಲು ಹಾಗಿರಲಿಲ್ಲ.

ಹಾಗೆಂದು ಕಾಡು ಬೆಳೆಯಲು ಬಿಟ್ಟುಬಿಡಬೇಕಾಗಿಯೂ ಇಲ್ಲ. ಇದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಲೆಸ್ಟರ್ ನಗರದ ಪ್ರಾಣಿಶಾಸ್ತ್ರಜ್ಞೆ ಜೆನಿಫರ್ ಓವೆನ್. ಊರಿನ ನಡುವಿನ ತಮ್ಮ ಮನೆಯ ಸಾಧಾರಣ ತೋಟದಲ್ಲಿ, ಹುಲ್ಲು, ಹೂವು, ತರಕಾರಿ ಎಲ್ಲವನ್ನೂ ಬೆಳೆಯುತ್ತ, ಆದರೆ ಕೀಟನಾಶಕ ಮುಟ್ಟದೆ, ಮೂವತ್ತು ವರ್ಷ ಕಾಲ ಕಂಡ ಜೀವಿಗಳನ್ನೆಲ್ಲ ಬರೆದಿಟ್ಟರು. 2010ರಲ್ಲಿ ಪುಸ್ತಕವಾಗಿ ಬಂದ ಆ ಲೆಕ್ಕದಲ್ಲಿ 2,673 ಬಗೆಯ ಜೀವಿಗಳಿವೆ. ಅವುಗಳಲ್ಲಿ 1,997 ಕೀಟಗಳು. ಪಶ್ಚಿಮ ಘಟ್ಟದ ಮಗ್ಗುಲಲ್ಲಿರುವ ನಮ್ಮ ಹಿತ್ತಲನ್ನು ಅಷ್ಟೇ ತಾಳ್ಮೆಯಿಂದ ಯಾರಾದರೂ ಎಣಿಸಿದರೆ ಏನೇನು ಸಿಕ್ಕೀತು ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ತಿಂದ ಎಲೆಯ ಮುಂದೆ ಹಲಗೆ

ಈಗ ನಮ್ಮ ತೋಟಕ್ಕೆ ಬರುವವರು ಗೇಟಿನಿಂದ ಒಳಗೆ ಕಾಲಿಟ್ಟ ಕೂಡಲೇ ನೋಡುವುದು ಗುಲಾಬಿಯನ್ನಲ್ಲ, ಹುಳ ತಿಂದ ಒಂದು ಲಿಂಬೆ ಗಿಡವನ್ನು. ಅದರ ಬುಡದಲ್ಲಿ ಒಂದು ಅಡಿಕೆ ಹಾಳೆಯ ತುಂಡು. ಅದರ ಮೇಲೆ ಇದ್ದಿಲಿನಲ್ಲಿ ಬರೆದಿದ್ದೇನೆ: "ಇಲ್ಲಿ ಊಟ ನಡೆಯುತ್ತಿದೆ. ಯಾರದ್ದು, ಹುಡುಕಿ."

ಮಕ್ಕಳು ಹುಡುಕುತ್ತಾರೆ. ಮೊದಲು ಕಾಣುವುದು ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂಥ ಕಂದು ಬಿಳಿ ಮಚ್ಚೆ. ಅದು ಹಿಕ್ಕೆಯಲ್ಲ, ಲಿಂಬೆ ಚಿಟ್ಟೆಯ ಎಳೆಯ ಹುಳ. ಹಕ್ಕಿಗಳ ಕಣ್ಣು ತಪ್ಪಿಸಲು ಹಾಕಿದ ವೇಷ. ಇನ್ನೊಂದು ಟೊಂಗೆಯಲ್ಲಿ ಅದೇ ಹುಳ ಬೆಳೆದು, ಪೊರೆ ಬಿಟ್ಟು, ಎಲೆಯದ್ದೇ ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಬೆನ್ನು ಸವರಿದರೆ ತಲೆಯ ಹಿಂದಿನಿಂದ ಕೆಂಪು ಕಿತ್ತಳೆ ಬಣ್ಣದ ಎರಡು ಕೋಡು ಚಾಚುತ್ತದೆ, ಜೊತೆಗೇ ಮೂಗಿಗೆ ಅಡರುವ ವಾಸನೆ. ಒಂದು ಹುಳಕ್ಕೆ ಒಂದೇ ಸಲ, ಅದೂ ನಾನೇ ಸವರುತ್ತೇನೆ; ಇಪ್ಪತ್ತು ಮಕ್ಕಳ ಇಪ್ಪತ್ತು ಕಡ್ಡಿಯನ್ನು ಯಾವ ಹುಳವೂ ತಾಳಲಾರದು. ಮೊಟ್ಟೆಯಿಂದ ರೆಕ್ಕೆಯವರೆಗೆ ಇದರ ಪ್ರಯಾಣ ಸುಮಾರು ಒಂದು ತಿಂಗಳದ್ದು. ತೋಟ ತೆರೆಯುವ ದಿನ ಒಂದೇ ಗಿಡದಲ್ಲಿ ಮೊಟ್ಟೆ, ಹುಳ, ಕೋಶ ಮೂರೂ ಸಿಕ್ಕಿಬಿಟ್ಟರೆ ನನಗೆ ಬೇರೆ ಪ್ರದರ್ಶನವೇ ಬೇಡ.

ದೊಡ್ಡವರಿಗೆ ಇಲ್ಲಿ ಹೇಳಬೇಕಾದ ಮಾತು ಬೇರೆ. ಹೂ ಬಿಡುವ ಗಿಡ ಹಾಕಿದರೆ ಚಿಟ್ಟೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಬರುವುದು ನಿಜ, ಮಕರಂದ ಕುಡಿದು ಹೋಗುವುದೂ ನಿಜ. ಚಿಟ್ಟೆ ನಮ್ಮಲ್ಲೇ ಹುಟ್ಟಬೇಕಾದರೆ ಅದರ ಹುಳ ತಿನ್ನುವ ಗಿಡ ಬೇಕು, ಮತ್ತು ಪ್ರತಿ ಚಿಟ್ಟೆಗೂ ಅದರದ್ದೇ ಗಿಡ. ತಾಯಿ ಚಿಟ್ಟೆ ಎಲೆಯ ಮೇಲೆ ಕಾಲು ಬಡಿದು, ಕಾಲಿನಿಂದಲೇ ರುಚಿ ನೋಡಿ, ಇದು ನನ್ನ ಮಕ್ಕಳ ಊಟವೇ ಎಂದು ಖಾತ್ರಿ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಲಿಂಬೆಗೆ, ಕರಿಬೇವಿಗೆ ಒಂದು ಗುಂಪು. ದಾಲ್ಚಿನ್ನಿಗೆ ಇನ್ನೊಂದು. ಸಂಪಿಗೆಯ ಎಲೆಗೆ ಹಸಿರು ಮಚ್ಚೆಯ ಟೇಲ್ಡ್ ಜೇ. ಮಾವಿನ ಎಲೆಯ ನಡುನರದ ಮೇಲೆ ಇಕ್ಕೆಲಕ್ಕೂ ಗರಿ ಚಾಚಿ ಮಲಗುವ ಕಾಮನ್ ಬ್ಯಾರನ್‌ನ ಹುಳ ಎದುರಿಗಿದ್ದರೂ ಕಾಣುವುದಿಲ್ಲ. ಒಮ್ಮೆ ಅದನ್ನು ಕಂಡುಹಿಡಿದ ಹುಡುಗಿಗೆ ಇಡೀ ತೋಟವೇ ಬೇರೆಯಾಗಿ ಕಂಡಿತು, ಮಧ್ಯಾಹ್ನದವರೆಗೆ ಅವಳು ಮಾವಿನ ಬುಡ ಬಿಟ್ಟು ಕದಲಲಿಲ್ಲ. ಈ ಗಿಡಗಳಲ್ಲಿ ಬಹುಪಾಲು ನಮ್ಮ ಅಜ್ಜಿಯಂದಿರು ಅಡುಗೆಗೆ, ದೇವರಿಗೆ ಎಂದು ನೆಟ್ಟವೇ. ಹಳೆಯ ಹಿತ್ತಲುಗಳಲ್ಲಿ ಚಿಟ್ಟೆ ತುಂಬಿರುತ್ತಿದ್ದುದಕ್ಕೆ ಇದೂ ಒಂದು ಕಾರಣ.

"ಇಷ್ಟು ಕಂಬಳಿಹುಳ ಬಿಟ್ಟುಕೊಂಡರೆ ಮೈ ತುರಿಸಲ್ವಾ?" ಎಂದು ಕೇಳದವರಿಲ್ಲ. ಮೈ ತುಂಬ ರೋಮವಿರುವ ಕೆಲವು ಪತಂಗದ ಹುಳಗಳು ತುರಿಕೆ ತರುವುದು ಹೌದು, ನುಗ್ಗೆಮರದಲ್ಲಿ ಗುಂಪುಗಟ್ಟುವ ಹುಳವನ್ನು ಯಾರೂ ಮುಟ್ಟಬಾರದು. ಲಿಂಬೆ, ಕರಿಬೇವಿನ ನುಣುಪು ಹುಳದಿಂದ ಏನೂ ಆಗದು. ಈ ವ್ಯತ್ಯಾಸ ಕಲಿತ ಮಗು ಮುಂದೆ ಹುಳ ಕಂಡರೆ ಚಪ್ಪಲಿ ತೆಗೆಯುವುದಿಲ್ಲ. ಇನ್ನೊಂದು ಮಾತು: ಹಣ್ಣು ತಿನ್ನುವ ಪಿಕಳಾರ, ಮಕರಂದ ಕುಡಿಯುವ ಸೂರಕ್ಕಿ, ಕಾಳು ತಿನ್ನುವ ಗುಬ್ಬಚ್ಚಿ, ಎಲ್ಲವೂ ಮರಿಗಳಿಗೆ ಗುಟುಕು ಕೊಡುವಾಗ ಹುಳವನ್ನೇ ತರುತ್ತವೆ. ಔಷಧಿ ಹೊಡೆದು ಹುಳ ಕಳೆದ ತೋಟದಲ್ಲಿ ಎಷ್ಟು ಕಾಳು ಚೆಲ್ಲಿದರೂ ಗೂಡು ನಿಲ್ಲುವುದಿಲ್ಲ.

ಕಣಗಿಲೆಯನ್ನು ಏನು ಮಾಡುವುದು

ಮಕ್ಕಳಿಗೂ ಜೀವಿಗಳಿಗೂ ಒಂದೇ ತೋಟ ಹೊಂದುತ್ತದೆ ಎಂದು ಬರೆದುಬಿಡುವುದು ಸುಲಭ. ನಿಜದಲ್ಲಿ ಅವೆರಡೂ ಹಲವು ಕಡೆ ಎದುರುಬದುರು ನಿಲ್ಲುತ್ತವೆ.

ನಮ್ಮ ಬಾವಿಯ ಹಿಂದೆ ಒಂದು ಹಳೆಯ ಕಣಗಿಲೆ ಗಿಡವಿದೆ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎರಡನೇ ವರ್ಷ ಮಕ್ಕಳು ಬರುತ್ತಾರಲ್ಲ ಎಂದು ಅದನ್ನು ಕಡಿಸಲು ಆಳಿಗೆ ಹೇಳಿಯಾಗಿತ್ತು. ಬೆಳಿಗ್ಗೆ ನೋಡಿದರೆ ಎಲೆಯ ಅಡಿಯಲ್ಲಿ ಲೋಲಾಕಿನ ಹಾಗೆ ಏನೋ ಫಳಫಳ ಹೊಳೆಯುತ್ತಿತ್ತು. ಒಂದಲ್ಲ, ಐದು. ಕಾಮನ್ ಕ್ರೋ ಎಂಬ ಕಪ್ಪುಕಂದು ಚಿಟ್ಟೆಯ ಕೋಶಗಳು ಅವು. ಅಕ್ಕಸಾಲಿಗನ ಅಂಗಡಿಯಿಂದ ತಂದು ತೂಗುಹಾಕಿದಂತೆ ಬೆಳ್ಳಿಬಂಗಾರದ ಹೊಳಪು. ಅದರ ಹುಳ ಕಣಗಿಲೆಯಂಥ ವಿಷದ ಎಲೆಗಳನ್ನೂ ತಿನ್ನುತ್ತದೆ.

ಎಕ್ಕದ ಕಥೆಯೂ ಹೀಗೇ. ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕ ಬೇಕು, ಆದರೆ ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿನ ಕಾರ್ನಿಯಾಕ್ಕೇ ಹಾನಿ. ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳಿಲ್ಲದೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇಲ್ಲ. ಅರಿಶಿನ ಕುಂಕುಮದ ಬಣ್ಣ ಹೊತ್ತ ಆ ದೊಡ್ಡ ಚಿಟ್ಟೆ ಅಂಗಳದ ಮೇಲೆ ತೇಲಿ ಹೋದರೆ ಮಾತಾಡುತ್ತಿದ್ದವರೂ ಮಾತು ನಿಲ್ಲಿಸುತ್ತಾರೆ. ಆದರೆ ಅದೇ ಬಳ್ಳಿಯನ್ನು ನಾಟಿಮದ್ದು ಎಂದು ಕಷಾಯ ಮಾಡಿ ಕುಡಿದರೆ ಮೂತ್ರಪಿಂಡಕ್ಕೆ ಕುತ್ತು. ಗಿಡ ಕೇಳಿದವರಿಗೆಲ್ಲ ಇದನ್ನು ಹೇಳದೆ ನಾನು ಬಳ್ಳಿ ಕೊಡುವುದಿಲ್ಲ.

ಕಣಗಿಲೆಯನ್ನು ಕಡಿಯಲಿಲ್ಲ, ದಾರಿಯನ್ನು ಬದಲಿಸಿದೆವು. ಈಗ ತೋಟದೊಳಗೆ ಸುತ್ತಿ ಬರುವ ಕಾಲುದಾರಿ ಒಂದೇ. ಅದರ ಎರಡೂ ಬದಿಗೆ ಕೈಗೆಟಕುವಲ್ಲಿ ಮಕ್ಕಳು ಮುಟ್ಟಿದರೂ, ಬಾಯಿಗೆ ಹಾಕಿದರೂ ತೊಂದರೆಯಿಲ್ಲದ ಗಿಡಗಳು: ದಾಸವಾಳ, ಕೇಪಳ, ತುಳಸಿ, ಕರಿಬೇವು, ದೊಡ್ಡಪತ್ರೆ. ವಿಷದ ಗಿಡಗಳು ಅಡಿಕೆ ದಬ್ಬೆಯ ಬೇಲಿಯಾಚೆ, ಕಣ್ಣಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ. ಹಾಳೆಯ ಮೇಲೆ ಕೆಂಪು ಬಣ್ಣದಲ್ಲಿ "ಇದು ಚಿಟ್ಟೆಗೆ ಅನ್ನ, ನಮಗೆ ವಿಷ" ಎಂದಿದೆ. ಗುಲಗಂಜಿಯನ್ನು ಮಾತ್ರ ಬೇಲಿಯಾಚೆಯೂ ಉಳಿಸಿಕೊಂಡಿಲ್ಲ. ಕೆಂಪು ಕಪ್ಪಿನ ಆ ಬೀಜ ಉದುರಿ ಎಲ್ಲೆಂದರಲ್ಲಿ ಉರುಳುತ್ತದೆ, ಚಿಕ್ಕ ಮಕ್ಕಳು ಕಂಡಕೂಡಲೇ ಆರಿಸುತ್ತಾರೆ, ಅಗಿದರೆ ಪ್ರಾಣಕ್ಕೇ ಅಪಾಯ.

ನೀರಿನದ್ದೂ ಇದೇ ತೂಕ. ಹಕ್ಕಿಗಳಿಗೆ ನಾವು ಇಟ್ಟಿರುವುದು ನಾಲ್ಕು ಬೆರಳು ಆಳದ ಮಣ್ಣಿನ ತಟ್ಟೆಗಳು. ಒಳಗೆ ಕಲ್ಲು ಜೋಡಿಸಿದ್ದೇವೆ. ಅದರ ಮೇಲೆ ಕೂತು ಜೇನ್ನೊಣವೂ ಮುಳುಗದೆ ನೀರು ಕುಡಿಯುತ್ತದೆ. ಮೂರು ದಿನಕ್ಕೊಮ್ಮೆ ತಿಕ್ಕಿ ನೀರು ಬದಲಿಸುತ್ತೇವೆ, ಯಾಕೆಂದರೆ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವವರೆಗೆ ಒಂದು ವಾರವೋ ಹತ್ತು ದಿನವೋ ಸಾಕು. ಕಪ್ಪೆಗಳಿಗಾಗಿ ಮಾಡಿದ ಸಣ್ಣ ಹೊಂಡಕ್ಕೆ ಕಬ್ಬಿಣದ ಜಾಲರಿ ಹೊದಿಸಿದ್ದೇವೆ. ಅಂಬೆಗಾಲಿಡುವ ಮಗುವಿಗೆ ಗೇಣುದ್ದದ ನೀರೂ ಆಳವೇ. ಬಾವಿಗೆ ಬೀಗ.

ತರಗೆಲೆಯ ವಿಷಯದಲ್ಲಿ ಮಲೆನಾಡಿನವರು ಪುಸ್ತಕದ ಮಾತನ್ನು ಹಾಗೇ ಪಾಲಿಸಲಾಗದು. ತರಗೆಲೆ ರಾಶಿ ಬಿಡಿ, ಅದರಡಿ ನೂರು ಜೀವ ಬದುಕುತ್ತವೆ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. 2019ರ ಬೇಸಿಗೆಗೆ ಮುಂಚೆ ನಮ್ಮದೇ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ಅದನ್ನು ಹರಡುವ ಉಣುಗು ಇರುವುದು ಒಣ ತರಗೆಲೆಯಲ್ಲೇ, ಕಾಟ ಹೆಚ್ಚುವುದು ಮಳೆ ಮುಗಿದು ನೆಲ ಒಣಗಿದ ಮೇಲೆ, ಬೇಸಿಗೆ ಕಳೆಯುವತನಕ. ಹಾಗಾಗಿ ನಮ್ಮಲ್ಲಿ ತರಗೆಲೆ ಇರುವುದು ತೋಟದ ಹಿಂದಿನ ಒಂದೇ ಮೂಲೆಯಲ್ಲಿ, ಜನ ತುಳಿಯದ ಕಡೆ. ಗೊಬ್ಬರಕ್ಕೆ ತೆಗೆಯುವಾಗ ಮೈಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆ ಸವರಿಕೊಂಡು ಹೋಗುತ್ತೇವೆ. ತೋಟ ತೆರೆಯುವ ದಿನ ದಸರಾದ ಬೆನ್ನಿಗೇ ಇರುವುದಕ್ಕೂ ಇದೇ ಕಾರಣ. ಆಗ ಮಳೆ ಕಡಿಮೆಯಾಗಿ ಉಂಬಳ ಹಿಂದೆ ಸರಿದಿರುತ್ತದೆ, ಉಣುಗಿನ ಕಾಲ ಇನ್ನೂ ಶುರುವಾಗಿರುವುದಿಲ್ಲ, ಎಲ್ಲೆಲ್ಲೂ ಹೊಸ ಚಿಗುರು, ಹೊಸ ಚಿಟ್ಟೆ. ಎಲ್ಲಾದರೂ ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆ ವರ್ಷ ಗೇಟು ತೆರೆಯುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೇವೆ.

ಕಲ್ಲುಗುಪ್ಪೆಯೂ ದಾರಿಯಿಂದ ದೂರ. ಹಾವು ಬರಲಿ, ಇಲಿ ಹಿಡಿಯಲಿ. ಕೇರೆ ಹಾವಂತೂ ನಮ್ಮ ಮನೆಯ ಹಳೆಯ ಬಾಡಿಗೆದಾರ. ಮಕ್ಕಳ ಕಾಲಿನ ಬಳಿ ಮಾತ್ರ ಬೇಡ.

ಅಂದಿನ ದಿನ

ಬೆಳಿಗ್ಗೆ ಏಳೂವರೆಗೆ ಹಕ್ಕಿ ನೋಡುವವರು, ಒಂಬತ್ತೂವರೆ ನಂತರ ಚಿಟ್ಟೆ ನೋಡುವವರು. ಬಿಸಿಲು ಬಿದ್ದು ರೆಕ್ಕೆ ಕಾಯುವವರೆಗೆ ಚಿಟ್ಟೆ ಹಾರುವುದಿಲ್ಲ, ಹಾಗಾಗಿ ಈ ವಿಂಗಡಣೆ ತಾನಾಗಿ ಆಗುತ್ತದೆ. ಒಂದು ತಂಡಕ್ಕೆ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಮಧ್ಯಾಹ್ನ ಎಲ್ಲರನ್ನೂ ಕಳಿಸಿ ಗೇಟು ಹಾಕುತ್ತೇವೆ. ಹಿತ್ತಲಿಗೂ ಉಸಿರಾಡಲು ಹೊತ್ತು ಬೇಕು.

ಹಿಂದಿನ ದಿನ ಈಗ ನಾನು ಪೊರಕೆ ಹಿಡಿಯುವುದಿಲ್ಲ, ಗೂಡು ಹುಡುಕುತ್ತೇನೆ. ಸೂರಕ್ಕಿ ಜೇಡರ ಬಲೆ, ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲ ಸೇರಿಸಿ ನೇತುಹಾಕಿದ ಚೀಲ ದಾರಿಗೆ ಹತ್ತಿರವಿದ್ದರೆ ಆ ದಾರಿಯನ್ನೇ ಬಿದಿರು ಅಡ್ಡಕಟ್ಟಿ ಮುಚ್ಚುತ್ತೇನೆ. ಗೂಡು ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲ. ಇದರ ಬಗ್ಗೆ ಬೇಸರ ಮಾಡಿಕೊಂಡವರಿದ್ದಾರೆ, ಫೋಟೋ ತೆಗೆಯಲೆಂದೇ ದೂರದಿಂದ ಬಂದವರೂ ಇದ್ದಾರೆ. ಮೊಬೈಲು ಗೂಡಿನ ಬಾಯಿಗೆ ಹಿಡಿದರೆ ತಾಯಿ ಹಾರಿಹೋಗುತ್ತದೆ, ಆ ಹೊತ್ತಿಗೇ ಕಾದಿದ್ದ ಕಾಗೆಗೋ ಕೆಂಬೂತಕ್ಕೋ ದಾರಿ ತೋರಿದಂತಾಗುತ್ತದೆ. ಟುವ್ವಿಯ ಗೂಡು ಹಾಳು ಮಾಡಿದ ನಾನು ಈ ಒಂದು ವಿಷಯದಲ್ಲಿ ದಾಕ್ಷಿಣ್ಯಕ್ಕೆ ಒಳಗಾಗಲಾರೆ.

ಮಕ್ಕಳು ಅತಿ ಹೆಚ್ಚು ಹೊತ್ತು ನಿಲ್ಲುವುದು ಗೋಡೆಯ ಬಿರುಕಿನಲ್ಲಿರುವ ಮಿಸರಿ ಜೇನಿನ ಮುಂದೆ. ಕರಾವಳಿಯವರು ಮುಜಂಟಿ ಎನ್ನುವ, ಕುಟುಕದ ಪುಟ್ಟ ಜೇನು. ಮೇಣದ ಕೊಳವೆಯಂಥ ಬಾಗಿಲಲ್ಲಿ ಕಾವಲು ನಿಂತ ನೊಣಗಳನ್ನು ಒಂದು ಮೊಳ ದೂರದಿಂದ ನೋಡಬಹುದು. ಒಣಗಿದ ಡೇರೆ ಕಡ್ಡಿಗಳನ್ನು ಈಗ ಕತ್ತರಿಸದೆ ಬಿಡುವುದೂ ಇಂಥವರಿಗಾಗಿಯೇ. ಒಂಟಿಯಾಗಿ ಬದುಕುವ ಜೇನುಗಳು ಟೊಳ್ಳು ಕಡ್ಡಿಯೊಳಗೆ ಮರಿ ಮಾಡುತ್ತವೆ. ತುದಿಗೆ ಮಣ್ಣಿನ ಬಿರಡೆ ಕಂಡರೆ ಒಳಗೆ ತೊಟ್ಟಿಲಿದೆ ಎಂದರ್ಥ.

ದೊಡ್ಡ ಜಾಗವಿದ್ದವರು ಇದನ್ನೇ ಎಷ್ಟು ಎತ್ತರಕ್ಕೆ ಒಯ್ಯಬಹುದು ಎಂದು ನೋಡಬೇಕಾದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಗೆ ಹೋಗಬೇಕು. ಅಲ್ಲಿ ಸಮ್ಮಿಲನ್ ಶೆಟ್ಟಿ ಅವರು ತಮ್ಮ ಖಾಸಗಿ ಜಾಗದಲ್ಲಿ ಚಿಟ್ಟೆಗಳ ಆಹಾರದ ಗಿಡಗಳನ್ನು ಬೆಳೆಸಿ, ಚಿಟ್ಟೆ ಪಾರ್ಕನ್ನು ಜನರಿಗೆ ತೆರೆದಿದ್ದಾರೆ. ಜಾಗವೇ ಇಲ್ಲದವರಿಗೂ ಬಾಲ್ಕನಿಯಲ್ಲಿ ಒಂದು ಕುಂಡ ಕರಿಬೇವು ಸಾಕು, ಮಹಡಿ ಮೇಲಿದ್ದರೂ ಚಿಟ್ಟೆ ಹುಡುಕಿಕೊಂಡು ಬರುತ್ತದೆ.

ನಾವು ಟಿಕೆಟ್ಟು ಇಟ್ಟಿಲ್ಲ. ಬಂದವರು ತಮ್ಮ ಮನೆಯ ಯಾವುದಾದರೂ ಬೀಜವನ್ನೋ ಗೆಡ್ಡೆಯನ್ನೋ ತರಬೇಕು, ಹೋಗುವಾಗ ಒಂದು ಸಸಿ ಒಯ್ಯಬೇಕು. ಹೋದ ವರ್ಷ ಶಿವಮೊಗ್ಗದಿಂದ ಬಂದ ಮಾಣಿಯೊಬ್ಬ, ಏಳೋ ಎಂಟೋ ವರ್ಷದವನು, ತನ್ನ ಅಪಾರ್ಟ್‌ಮೆಂಟಿಗೆಂದು ಲಿಂಬೆ ಸಸಿ ಒಯ್ದಿದ್ದ. ಒಂದೂವರೆ ತಿಂಗಳಿಗೆ ಅವನ ಅಮ್ಮನ ಫೋನಿನಿಂದ ಕರೆ ಬಂತು. ಗಿಡ ಸತ್ತಿತೋ ಎಂದುಕೊಂಡು ಎತ್ತಿದೆ.

"ಅಜ್ಜೀ, ನಾಲ್ಕು ಹುಳ ಇದಾವೆ. ಎಲೆ ಎಲ್ಲ ಖಾಲಿ ಮಾಡಿದಾವೆ, ಬರೀ ಮುಳ್ಳು ಉಳ್ದಿದೆ. ಅವಕ್ಕೆ ಇನ್ನೂ ಹಸಿವು. ಏನು ಮಾಡ್ಲಿ?"

ಅವತ್ತು ಮಧ್ಯಾಹ್ನವೇ ಒಂದು ಬುಟ್ಟಿಯಲ್ಲಿ ಇನ್ನೆರಡು ಲಿಂಬೆ ಸಸಿ ಇಟ್ಟು, ಒದ್ದೆ ಗೋಣಿ ಸುತ್ತಿ, ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಂದೆ. ಬಸ್ ಸ್ಟ್ಯಾಂಡಿಗೆ ಅವನು ಅಮ್ಮನನ್ನು ಎಳೆದುಕೊಂಡು ಅರ್ಧ ಗಂಟೆ ಮೊದಲೇ ಬಂದು ನಿಂತಿದ್ದನಂತೆ.